ಯಸಪಾಲನ ನಾಲಿಗೆ

ಲಂಕೆಯ ವೆಲಿಗಾಮದ ರೈಲು ನಿಲ್ದಾಣದ ರಸ್ತೆಯಲ್ಲಿ ಕಟಿಂಗ್ ಶಾಪ್ ಇಟ್ಟಿದ್ದ ಸಿರಿಸೋಮನಿಗೆ ಯಾರನ್ನೂ ನಂಬಿ ಅಭ್ಯಾಸವಿರಲಿಲ್ಲ. ಮೀನು ಕೊಳ್ಳುವಾಗ ಕಿವಿರು ಎತ್ತಿ ಕೆಂಪಗಿದೆಯೇ ಎಂದು ಎಲ್ಲರೂ ನೋಡುತ್ತಾರೆ. ಇವನು ಕಿವಿರಿಗೆ ಬಣ್ಣ ಬಳಿದಿದ್ದಾರೇನೋ ಎಂದು ಬೆರಳಿನಿಂದ ಉಜ್ಜುತ್ತಿದ್ದ. ಡಾಕ್ಟರು ಗುಳಿಗೆ ಬರೆದುಕೊಟ್ಟರೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗುತ್ತಿದ್ದ. ಅವರೂ ಅದೇ ಗುಳಿಗೆ ಹೇಳಿದರೆ, ಇಬ್ಬರೂ ಒಳಗೊಳಗೇ ಮಾತಾಡಿಕೊಂಡಿದ್ದಾರೆ ಎನ್ನುತ್ತಿದ್ದ. ಇಂಥ ಮನುಷ್ಯ ಕಣ್ಣು ಮುಚ್ಚಿ ನಂಬಿದ್ದು ಎರಡನ್ನು ಮಾತ್ರ. ಒಂದು, ಲಂಕೆಯ ಕ್ರಿಕೆಟ್ ತಂಡ. ಇನ್ನೊಂದು, ಅಂಗಡಿಯ ಬಾಗಿಲ ಪಕ್ಕದಲ್ಲೇ ಗಾಡಿ ನಿಲ್ಲಿಸಿಕೊಂಡು ಗೆಂದಾಳಿ ಎಳನೀರು ಮಾರುತ್ತಿದ್ದ ಯಸಪಾಲ.

ಯಸಪಾಲ ವಯಸ್ಸಿನಲ್ಲಿ ಸ್ವಲ್ಪ ಹಿರಿಯ, ಮಾತಿನಲ್ಲಿ ಬಹಳ ಹಿರಿಯ. ಬೆಳಿಗ್ಗೆ ಮೊದಲ ಕಾಯಿ ಕೆತ್ತುವಾಗ ಶುರುವಾದ ಬಾಯಿ ಗಾಡಿ ಮುಚ್ಚುವವರೆಗೂ ನಿಲ್ಲುತ್ತಿರಲಿಲ್ಲ. ಯಾರನ್ನು ಕಂಡರೂ ಹೊಗಳಬೇಕು, ಅದು ಅವನ ಕಾಯಿಲೆ. ಲಾಹೋರಿನಲ್ಲಿ ನಮ್ಮವರು ವಿಶ್ವಕಪ್ ಎತ್ತಿದಾಗ ಇವರಿಬ್ಬರೂ ಕ್ಷೌರದ ಕುರ್ಚಿಯ ಮೇಲೆ ಒಟ್ಟಿಗೇ ಹತ್ತಿ ಕುಣಿದು ಅದರ ಕಾಲು ಮುರಿದಿದ್ದರು. ಮರುದಿನ ಯಸಪಾಲ ಗಾಡಿಯಲ್ಲಿದ್ದ ಎಳನೀರನ್ನೆಲ್ಲ ಕೆತ್ತಿ ಬೀದಿಗೆ ಹಂಚಿದ್ದ. ಸಿರಿಸೋಮನ ಹೆಂಡತಿ ಸೀಲಾವತಿ ಹಬ್ಬದ ದಿನ ಮಾಡುವ ಗಟ್ಟಿ ಹಾಲನ್ನ ಮಾಡಿ ಬಾಳೆಲೆಯ ಮೇಲೆ ತಟ್ಟಿ, ತುಂಡು ಕತ್ತರಿಸಿ ಇಟ್ಟಿದ್ದಳು. ಮುಂದಿನ ವರ್ಷ ದಿಲ್ರುಕ್ಷಿ ಹುಟ್ಟಿದಳು. ಅವಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬರುತ್ತಿದ್ದವನು ಅಪ್ಪ ಅಲ್ಲ, ಯಸಪಾಲ. ಮದುವೆ ಮಕ್ಕಳು ಏನೂ ಇಲ್ಲದ ಅವನನ್ನು ಅವಳು ದೊಡ್ಡಪ್ಪ ಎಂದೇ ಕರೆಯುತ್ತಿದ್ದಳು.

ಆಮೇಲೆ ತಂಡ ಸೋಲತೊಡಗಿತು. ಒಂದು ಸಲ, ಎರಡು ಸಲ ಆಗಿದ್ದರೆ ಸಿರಿಸೋಮ ತಡೆದುಕೊಳ್ಳುತ್ತಿದ್ದ. ಇದು ವರ್ಷಗಟ್ಟಲೆ ನಡೆಯಿತು. ಎಲ್ಲೋ ಮೂಲೆಯಲ್ಲಿದ್ದ, ಕ್ರಿಕೆಟ್ ಆಡುತ್ತಾರೆಂದೇ ಗೊತ್ತಿರದ ದೇಶಗಳ ಹುಡುಗರು ಬಂದು ನಮ್ಮವರ ಮುಖಕ್ಕೆ ಮಸಿ ಬಳಿದು ಹೋಗತೊಡಗಿದರು. ಕೈಗೆ ಬಂದ ಕ್ಯಾಚು ಎದೆಗೆ ಬಡಿದು ನೆಲಕ್ಕೆ ಬೀಳುವುದು, ಇಬ್ಬರೂ ಒಂದೇ ತುದಿಗೆ ಓಡಿ ನಿಂತು ಒಬ್ಬರ ಮುಖ ಒಬ್ಬರು ನೋಡುವುದು! ಹೊಟ್ಟೆ ಉರಿಯದೆ ಏನಾದೀತು? ಸಿರಿಸೋಮ ಮೊದಲು ನಾಯಕನನ್ನು ಅನುಮಾನಿಸಿದ. ಆಮೇಲೆ ಆಯ್ಕೆ ಮಾಡುವವರನ್ನು, ತರಬೇತಿ ಕೊಡುವವರನ್ನು, ಅಂಪೈರುಗಳನ್ನು, ಟಾಸ್ ಹಾಕುವ ನಾಣ್ಯವನ್ನು. ನಾಯಕ ಬದಲಾದ, ತರಬೇತಿಯವನು ಬದಲಾದ, ಸೋಲು ಮಾತ್ರ ಬದಲಾಗಲಿಲ್ಲ. ಹಾಗಾದರೆ ಕೇಡು ಕೊಲಂಬೋದಲ್ಲಿಲ್ಲ, ಇಲ್ಲೇ ಎಲ್ಲೋ ಹತ್ತಿರದಲ್ಲಿದೆ ಎಂದು ಅವನಿಗೆ ಅನಿಸಿತು.

ಅಂದಿನಿಂದ ಅಂಗಡಿಯಲ್ಲಿ ಕಟ್ಟುನಿಟ್ಟು ಶುರುವಾಯಿತು. ನಮ್ಮವರ ಜೊತೆಯಾಟ ಕುದುರಿದರೆ ಕೂತವರು ಏಳುವಂತಿಲ್ಲ, ನಿಂತವರು ಕೂರುವಂತಿಲ್ಲ. ಯಾರದೋ ಎಡಗೆನ್ನೆ ಕೆರೆಯುವಾಗ ಆಟ ಕೈಗೂಡಿತು ಎನ್ನಿ, ವಿಕೆಟ್ ಬೀಳುವವರೆಗೆ ಕತ್ತಿ ಬಲಗೆನ್ನೆಗೆ ಹೋಗುತ್ತಿರಲಿಲ್ಲ. ಒಮ್ಮೆ ಮದುಮಗನೊಬ್ಬ ಅರ್ಧ ನೊರೆಯಲ್ಲಿ ಕೂತು, "ಅಣ್ಣಾ, ಮುಹೂರ್ತ ಮೀರ್ತಾ ಇದೆ," ಎಂದು ಅಳುವ ಹಾಗಾಗಿದ್ದ.

"ಹೆಣ್ಣು ಎಲ್ಲೂ ಓಡಿಹೋಗಲ್ಲ, ಕೂತ್ಕೋ," ಎಂದಿದ್ದ ಸಿರಿಸೋಮ.

ಒಣಮೆಣಸಿನಕಾಯಿ, ಸಾಸಿವೆ, ಉಪ್ಪು ಹಿಡಿದು ಟಿವಿಗೆ ಮೂರು ಸುತ್ತು ನಿವಾಳಿಸಿ ಕೆಂಡಕ್ಕೆ ಹಾಕಿದ್ದೂ ಆಯಿತು. ಗಿರಾಕಿಗಳು ಕೆಮ್ಮಿ ಕೆಮ್ಮಿ ಬೀದಿಗೆ ಓಡಿದರು. ತಂಡ ಅಂದೂ ಸೋತಿತು.

ಹೀಗಿರುವಾಗ ಒಂದು ಮಧ್ಯಾಹ್ನ ಹೊಸ ಹುಡುಗನೊಬ್ಬ ಚೆನ್ನಾಗಿ ಬ್ಯಾಟು ಬೀಸುತ್ತಿದ್ದ. ಯಸಪಾಲ ಕತ್ತಿ ಹಿಡಿದುಕೊಂಡೇ ಬಾಗಿಲಿಗೆ ಬಂದು ಇಣುಕಿದ.

"ಏನ್ ಚೆಂದ ಆಡ್ತಾನೋ ಈ ಮಗ! ಇವತ್ತು ನೂರು ಹೊಡೀದೆ ಬರಲ್ಲ, ಬರ್ದಿಟ್ಕೊ ಸಿರಿ."

ಮರುಚೆಂಡಿಗೇ ಹುಡುಗನ ಸ್ಟಂಪು ಹಾರಿತು. ಕುರ್ಚಿಯಲ್ಲಿದ್ದ ಅಂಚೆ ಕಚೇರಿಯ ಆರ್ಯರತ್ನ ನೊರೆ ಸಿಡಿಯುವ ಹಾಗೆ ನಕ್ಕ. "ಬಾಯಿ ತಾಗ್ತು ನೋಡಪ್ಪ! ಕರಿನಾಲಿಗೆ ಯಸಪಾಲ!"

ಯಸಪಾಲನೂ ನಕ್ಕು ನಾಲಿಗೆ ಚಾಚಿ ತೋರಿಸಿದ. ಸಿರಿಸೋಮ ಮಾತ್ರ ನಗಲಿಲ್ಲ. ಕಣ್ಣು ತಾಗುವುದು ಇದ್ದದ್ದೇ. ಬಾಯಿ ತಾಗುವುದು, ಅಂದರೆ ಹೊಗಳಿದ ಮಾತಿಗೇ ಹೊಗಳಿಸಿಕೊಂಡದ್ದು ಕೆಡುವುದು, ಅದಕ್ಕಿಂತ ಕೆಟ್ಟದ್ದು ಎಂದು ಅವನ ಅಜ್ಜಿ ಹೇಳಿದ್ದಳು. ಅವನು ಕತ್ತಿ ಒರೆಸುತ್ತ ಹಿಂದಿನದನ್ನೆಲ್ಲ ನೆನೆದುಕೊಂಡ. ಹೋದ ತಿಂಗಳು ಒಬ್ಬ ವೇಗದ ಬೌಲರನನ್ನು ಆನೆ ಎಂದು ಹೊಗಳಿದ್ದು ಇವನೇ. ಆ ಬೌಲರು ಮಂಡಿ ಕೆಟ್ಟು ಮನೆಗೆ ಹೋದ. ಮಂಡಿ ಕೆಟ್ಟ ಆನೆಗಳು ತಂಡದಲ್ಲಿ ಎಷ್ಟೋ ಇದ್ದವು, ಅವುಗಳನ್ನು ಯಾರೂ ಹೊಗಳಿರಲಿಲ್ಲ ಎಂಬುದು ಸಿರಿಸೋಮನಿಗೆ ಹೊಳೆಯಲಿಲ್ಲ.

ಅವನು ಪರೀಕ್ಷೆ ಮಾಡಿಯೇ ನೋಡುವುದೆಂದುಕೊಂಡ. ಮುಂದಿನ ಪಂದ್ಯದಲ್ಲಿ ಎದುರಾಳಿ ಬ್ಯಾಟ್ಸ್‌ಮನ್ ನಮ್ಮವರನ್ನು ಅರೆಯುತ್ತಿದ್ದಾಗ ತಾನೇ ಹೊರಗೆ ಹೋಗಿ ಕರೆದ.

"ಯಸಣ್ಣ, ಬಾ. ಇವನ ಬಗ್ಗೆ ನಾಲ್ಕು ಒಳ್ಳೆ ಮಾತಾಡು."

"ಶತ್ರು ಬಗ್ಗೆ ನಾನ್ಯಾಕೋ ಮಾತಾಡ್ಲಿ?"

"ಆಡು ಅಂದ್ರೆ ಆಡು."

ಯಸಪಾಲ ಕಕ್ಕಾಬಿಕ್ಕಿಯಾಗಿ, "ಹೂಂ, ಪರವಾಗಿಲ್ಲ, ಚೆನ್ನಾಗಿ ಹೊಡೀತಾನೆ," ಎಂದ. ಆ ಬ್ಯಾಟ್ಸ್‌ಮನ್ ಕೊನೆಯವರೆಗೂ ಔಟಾಗಲಿಲ್ಲ.

ಬೇರೆ ಯಾರಾದರೂ ಇಷ್ಟಕ್ಕೆ ಅನುಮಾನ ಬಿಡುತ್ತಿದ್ದರು. ಸಿರಿಸೋಮ ಬಿಡುತ್ತಾನೆಯೇ? ಆ ಮಾತು ಮನಸ್ಸಿನಿಂದ ಬಂದದ್ದಲ್ಲ, ಅದಕ್ಕೇ ತಾಗಲಿಲ್ಲ ಎಂದು ಅವನು ತೀರ್ಮಾನಿಸಿದ. ಯಸಪಾಲನ ನಾಲಿಗೆ ತಾಗುವುದು ಅವನು ಪ್ರೀತಿಸಿದ್ದಕ್ಕೆ ಮಾತ್ರ. ಈ ಯೋಚನೆ ಬಂದ ಕ್ಷಣ ಅವನಿಗೆ ಮಗಳ ನೆನಪಾಯಿತು. ಯಾಕೆಂದರೆ ಯಸಪಾಲ ಕ್ರಿಕೆಟ್ಟಿಗಿಂತ ಹೆಚ್ಚು ಪ್ರೀತಿಸುತ್ತಿದ್ದದ್ದು ದಿಲ್ರುಕ್ಷಿಯನ್ನು. ಅವಳ ಮದುವೆಯ ಚಪ್ಪರದಲ್ಲಿ, "ವರ್ಷ ತುಂಬೋದ್ರೊಳಗೆ ನನ್ನ ಮಗಳ ಮಡಿಲಲ್ಲಿ ಮಗು ಇರುತ್ತೆ," ಎಂದು ನಾಲ್ಕು ಜನರ ಮುಂದೆ ಹೇಳಿದ್ದ. ವರ್ಷಗಳು ಕಳೆದರೂ ಮಗುವಾಗಿರಲಿಲ್ಲ. ಹರಕೆ ಹೊತ್ತು, ಬೋಧಿಮರಕ್ಕೆ ನೀರೆರೆದು, ಮದ್ದು ಕುಡಿದು, ಈಗಷ್ಟೇ ಅವಳು ಬಸುರಿ ಎಂದು ತನ್ನೂರು ಮಾತರದಿಂದ ಅಳಿಯ ಫೋನ್ ಮಾಡಿದ್ದ.

"ಯಸಣ್ಣಂಗೆ ಹೇಳ್ಬೇಡ," ಎಂದ ಸಿರಿಸೋಮ ಹೆಂಡತಿಗೆ.

ಸೀಲಾವತಿ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿದಳು. "ಆಡೋರು ನೆಟ್ಟಗೆ ಆಡದಿದ್ರೆ ಎಳನೀರು ಮಾರೋನು ಏನ್ರೀ ಮಾಡ್ತಾನೆ? ತಲೆ ಕೆಟ್ಟಿದೆಯಾ ನಿಮಗೆ?"

"ತಂಡ ಹೋದ್ರೆ ಹೋಗ್ಲಿ. ಇದು ನನ್ನ ಮಗಳ ಹೊಟ್ಟೆ."

ಅದಕ್ಕೆ ಅವಳಿಗೂ ಹೆದರಿಕೆಯಾಯಿತು. ಹೊಸವರ್ಷಕ್ಕೆ ಮಗಳನ್ನು ಊರಿಗೆ ಕರೆಯಲಿಲ್ಲ. ಯಸಪಾಲ ಅವಳಿಗೆಂದು ತಂದಿದ್ದ ಬಳೆ ಹಿಡಿದು, "ಯಾಕೋ ಬರ್ಲಿಲ್ಲ ನಮ್ಮ ಹುಡುಗಿ?" ಎಂದು ಕೇಳಿದ. ಅವಳತ್ತೆಗೆ ಹುಷಾರಿಲ್ಲ ಎಂದು ಸಿರಿಸೋಮ ಮುಖ ತಿರುಗಿಸಿದ. ಅಂಗಡಿಗೂ ಪರದೆ ಬಂತು. ಬಿಸಿಲು ಹೊಡೆಯುತ್ತದೆ ಎಂದು ನೆಪ. ಟಿವಿಯೂ ಬಾಗಿಲಿಗೆ ಬೆನ್ನು ಹಾಕಿತು. ಯಸಪಾಲ ಹೊರಗಿನಿಂದಲೇ, "ಎಷ್ಟಾಯ್ತೋ?" ಎಂದು ಕೂಗಿದರೆ, ಮೂರು ವಿಕೆಟ್ ಬಿದ್ದಾಗ ಸಿರಿಸೋಮ ಆರು ಎನ್ನುತ್ತಿದ್ದ, ಹೊಗಳುವುದಕ್ಕೆ ಜಾಗವೇ ಸಿಗದಿರಲಿ ಎಂದು.

"ಅಯ್ಯೋ ಪಾಪ ಹುಡುಗ್ರು," ಎನ್ನುತ್ತಿದ್ದ ಯಸಪಾಲ ಪರದೆಯ ಆಚೆಯಿಂದ.

ಗುಟ್ಟು ಬಿಟ್ಟುಕೊಟ್ಟವನು ಆರ್ಯರತ್ನ. ಅವನ ಹೆಂಡತಿ ಮಾತರದ ಆಸ್ಪತ್ರೆಯಲ್ಲಿ ದಿಲ್ರುಕ್ಷಿಯನ್ನು ಕಂಡಿದ್ದಳು. ಕ್ಷೌರ ಮುಗಿಸಿ ಹೊರಬಂದವನು ಎಳನೀರು ಕುಡಿಯುತ್ತ ಕೀಟಲೆ ಮಾಡಿದ.

"ಏನಯ್ಯಾ ಯಸಪಾಲ, ಒಳ್ಳೊಳ್ಳೆ ಗೆಂದಾಳಿ ಎಲ್ಲಾ ನಮಗೆ ಮಾರ್ತಾ ಇದೀಯಾ, ಮಗಳಿಗೆ ಎತ್ತಿಡೋದಲ್ವಾ? ಏಳು ತುಂಬ್ತಂತಲ್ಲ!"

ಸಿರಿಸೋಮ ಬಾಗಿಲಲ್ಲೇ ನಿಂತಿದ್ದ. ಯಸಪಾಲನ ಕತ್ತಿ ಕಾಯಿಯ ಮೇಲೆಯೇ ನಿಂತಿತು. ಅವನು ಸಿರಿಸೋಮನ ಕಡೆ ಒಮ್ಮೆ ನೋಡಿದ. ಆಮೇಲೆ ಕಾಯಿ ಕೆತ್ತುತ್ತ, "ಎತ್ತಿಡ್ತಾ ಇದೀನಲ್ಲ. ನಿನಗೆ ಕೊಡೋದು ಬರೀ ಉಳಿದದ್ದು," ಎಂದ.

ಗೆಳೆಯನ ಮಾನ ಬೀದಿಯಲ್ಲಿ ಹೋಗಬಾರದೆಂದು ಹೇಳಿದ ಸುಳ್ಳು ಅದು. ಆರ್ಯರತ್ನ ಹೋದ ಮೇಲೆ ಅವನು ಪರದೆ ಸರಿಸಿ ಒಳಗೆ ಬಂದ.

"ಏಳು ತಿಂಗ್ಳು. ನನಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ ಸಿರಿ?"

ಕ್ಷಮಿಸು ಎಂದಿದ್ದರೆ ಮುಗಿಯುತ್ತಿತ್ತು. ಸಿಕ್ಕಿಬಿದ್ದವನಿಗೆ ಸಿಟ್ಟು ಬರುವುದೇ ಮೊದಲು. "ಏನಂತ ಹೇಳ್ಲಿ? ನೀನು ಬಾಯಿ ಬಿಟ್ಟದ್ದೆಲ್ಲ ಹಾಳಾಗುತ್ತೆ! ಮದುವೆ ದಿನ ಒಂದು ಮಾತಾಡ್ದೆ, ಅವಳು ಎಷ್ಟು ವರ್ಷ ಅತ್ತಳು? ತಂಡ ನೋಡು, ಏನಾಗಿದೆ! ಎಲ್ಲಾ ನಿನ್ನ ನಾಲಿಗೆ ಯಸಣ್ಣ, ನಿನ್ನ ನಾಲಿಗೆ!"

ಯಸಪಾಲ ಜಗಳಕ್ಕೆ ನಿಲ್ಲುತ್ತಾನೆ ಎಂದು ಅವನು ಕಾದ. ಯಸಪಾಲ ಹೌದೆಂದು ತಲೆಯಾಡಿಸಿ ಹೊರಗೆ ಹೋದ. ಕೇಡು ತನ್ನ ನಾಲಿಗೆಯದೇ ಎಂದು ಅವನೂ ನಂಬಿದ್ದ. ಮರುದಿನ ಗಾಡಿ ನಿಲ್ದಾಣದ ಆಚೆ ಬದಿಗೆ ಹೋಗಿತ್ತು, ಕಟಿಂಗ್ ಶಾಪಿನ ಬಾಗಿಲಿಗೆ ಒಂದು ಗೊನೆ ಗೆಂದಾಳಿ ಕಟ್ಟಿತ್ತು. ಗೊನೆ ಖಾಲಿಯಾದಾಗಲೆಲ್ಲ ಇನ್ನೊಂದು ಬಂದು ಕೂರುತ್ತಿತ್ತು. ಕಟ್ಟುವವನು ಮಾತ್ರ ಕಾಣುತ್ತಿರಲಿಲ್ಲ.

ಮುಂದಿನ ಪಂದ್ಯಕ್ಕೆ ಸಿರಿಸೋಮ ಪರದೆ ಕಿತ್ತು ಹಾಕಿದ. ಹೊಗಳುವ ಬಾಯಿ ಸುತ್ತಮುತ್ತ ಎಲ್ಲೂ ಇರಲಿಲ್ಲ. ನಮ್ಮವರು ಹೋದರು ಬಂದರು, ಹೋದರು ಬಂದರು. ಮೀನಿನ ಬನ್ನು ತರಲು ಹೋಗಿದ್ದವನು ಅಂಗಡಿಗೆ ಮರಳುವಷ್ಟರಲ್ಲಿ ಅರ್ಧ ತಂಡ ಡ್ರೆಸ್ಸಿಂಗ್ ರೂಮಿನಲ್ಲಿ ಕೂತಿತ್ತು. ಅದರ ಮುಂದಿನದರಲ್ಲೂ ಅಷ್ಟೇ.

"ಈಗ ಯಾರ ನಾಲಿಗೆ ಅಂತೀಯಪ್ಪ?" ಎಂದ ಆರ್ಯರತ್ನ. ಸಿರಿಸೋಮ ಅಂದು ಕೂಗಾಡಿದ್ದು ಬೀದಿಗೆಲ್ಲ ಕೇಳಿತ್ತು.

ಸಿರಿಸೋಮ ಟಿವಿ ಆರಿಸಿದ. ಅವನಿಗೆ ಅಷ್ಟು ನಾಚಿಕೆ ಜನ್ಮದಲ್ಲಿ ಆಗಿರಲಿಲ್ಲ. ಅಂದೇ ನಿಲ್ದಾಣದ ಆಚೆ ಹೋಗಬಹುದಿತ್ತು. ಆದರೆ ಮಗಳ ಹೆರಿಗೆ ಇನ್ನೂ ಆಗಿರಲಿಲ್ಲ. ತಂಡದ ವಿಷಯ ಬೇರೆ, ಇದು ಬೇರೆ, ಎಲ್ಲಾದರೂ ನಿಜವಿದ್ದರೆ ಎಂಬ ಹುಳ ತಲೆಯಿಂದ ಹೋಗಲಿಲ್ಲ. ಎರಡು ಸಲ ಚಪ್ಪಲಿ ಮೆಟ್ಟಿ ಎರಡು ಸಲವೂ ಬಿಚ್ಚಿಟ್ಟ.

ಮಗು ಹುಟ್ಟಿತು. ಗಂಡು, ಗುಂಡುಗುಂಡಾಗಿತ್ತು, ತಾಯಿಯೂ ಗಟ್ಟಿಯಾಗಿದ್ದಳು. ಬಾಣಂತಿಯಾಗಿ ತವರಿಗೆ ಬಂದ ದಿಲ್ರುಕ್ಷಿ ಹೊಸ್ತಿಲು ದಾಟುವ ಮೊದಲೇ ಸುತ್ತ ನೋಡಿದಳು.

"ದೊಡ್ಡಪ್ಪ ಎಲ್ಲಿ?"

ಸೀಲಾವತಿ ಗಂಡನನ್ನೇ ದುರುಗುಟ್ಟಿ ನೋಡಿದಳು. ಸಿರಿಸೋಮ ಚಪ್ಪಲಿ ಮೆಟ್ಟಿದವನು ಈ ಸಲ ಬಿಚ್ಚಲಿಲ್ಲ.

ಯಸಪಾಲ ಕರೆದ ಕೂಡಲೇ ಬಂದ. ದಾರಿಯುದ್ದಕ್ಕೂ ಯಾರನ್ನೂ ಹೊಗಳಲಿಲ್ಲ. ಬಾವಿಕಟ್ಟೆಯಲ್ಲಿ ಕೈಕಾಲು ತೊಳೆದು, ಒಳಗೆ ಬಂದು, ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಅದನ್ನು ನೋಡುತ್ತ ನೋಡುತ್ತ ಅವನ ಮುಖವೆಲ್ಲ ಅರಳಿತು. ಬಾಯಿ ತೆರೆದ. ತಟಕ್ಕನೆ ಅಂಗೈಯಿಂದ ಮುಚ್ಚಿಕೊಂಡ. ಕೈ ತೆಗೆದಾಗ ಹೊರಬಂದ ಮಾತೇ ಬೇರೆ.

"ಥೂ, ಏನಮ್ಮಾ ಇದು ಅವತಾರ? ಮೂಗು ನೋಡು, ಹಲಸಿನ ಬೀಜ. ಕಿವಿ ಎರಡೂ ಮೊರ. ಕೋತಿ ಮರೀನೂ ಇದಕ್ಕಿಂತ ವಾಸಿ. ಬ್ಯಾಟು ಹಿಡಿಯೋಕೂ ಬರಲ್ಲ ಈ ಕೈಗೆ, ಥೂ ಥೂ."

ಹೇಳುತ್ತ ಹೇಳುತ್ತ ಅವನ ಕಣ್ಣಿನಿಂದ ನೀರು ಬಳಬಳ ಇಳಿಯುತ್ತಿತ್ತು. "ದೊಡ್ಡಪ್ಪಾ..." ಎಂದಳು ದಿಲ್ರುಕ್ಷಿ. ಸಿರಿಸೋಮನಿಗೆ ಒಂದೊಂದು ಬೈಗುಳವೂ ಒಂದೊಂದು ಏಟಿನ ಹಾಗೆ ತಾಗಿತು.

"ಯಸಣ್ಣ, ಸಾಕು. ನಾನು ಹೇಳಿದ್ದೆಲ್ಲ ಸುಳ್ಳು. ನೀನಿಲ್ದಾಗಲೂ ಸೋತ್ರು ಮಾರಾಯ, ಇನ್ನೂ ಹೀನಾಯವಾಗಿ ಸೋತ್ರು. ಮಗು ಚೆಂದ ಇದೆ ಅಂತ ಒಂದು ಮಾತು ಹೇಳು."

"ಬೇಡಪ್ಪ. ಆ ಹನ್ನೊಂದು ಜನರದ್ದು ಏನೋ ಆಯ್ತು. ಇದೊಂದು ಚೆನ್ನಾಗಿರ್ಲಿ."

"ಒಂದೇ ಒಂದು ಮಾತು!"

"ಚೆಂದ ಅಂತ ಕೇಳ್ಬೇಕು ಅಂತಿದ್ರೆ ನೀನೇ ಹೇಳು," ಎಂದ ಯಸಪಾಲ, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸುತ್ತ. "ನಿನ್ನ ನಾಲಿಗೆ ಚೊಕ್ಕ ಅಲ್ವಾ."

ಸಿರಿಸೋಮ ಮಗುವಿನ ಮೇಲೆ ಬಾಗಿದ. ಅದು ಮುಷ್ಟಿ ಬಿಗಿದುಕೊಂಡು ಮಲಗಿತ್ತು. ಅಷ್ಟು ಚೆಂದದ ಮುಖವನ್ನು ಅವನು ಎಲ್ಲೂ ಕಂಡಿರಲಿಲ್ಲ. ಮಾತು ನಾಲಿಗೆಯ ತುದಿಗೇ ಬಂತು. ಅಲ್ಲಿಗೆ ಬಂದ ಮೇಲೆ ಅವನಿಗೆ ಯೋಚನೆಯಾಯಿತು: ಲಾಹೋರಿನಿಂದ ಇಲ್ಲಿಯವರೆಗೆ ಆ ತಂಡವನ್ನು ತಾನೇನು ಕಡಿಮೆ ಹೊಗಳಿದ್ದೇನೆಯೇ?

"ಕಿವಿ ಮೊರವೇ ಸರಿ," ಎಂದ ಸಿರಿಸೋಮ.