ಎತ್ತಿ ಹಿಡಿದ ಮುಷ್ಟಿ

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ನಾನು ಅವ್ವನ ಜೊತೆ ಗಂಗಾವತಿಯ ಒಂದು ಅಕ್ಕಿ ಮಿಲ್ಲಿಗೆ ಕಸ ಹೊಡೆಯಲು ಹೋಗುತ್ತಿದ್ದೆ. ಮರಳಿ ಎಂಬ ಊರಿನ ಕಡೆಯಿಂದ ಬೇಸಿಗೆ ಬೆಳೆಯ ಭತ್ತ ಟ್ರ್ಯಾಕ್ಟರುಗಳಲ್ಲಿ ಬರುತ್ತಿತ್ತು. ಚೆಲ್ಲಿದ ಕಾಳನ್ನು ಗುಡಿಸಿ ಗುಂಡಿಗೆ ಹಾಕುವುದು ನಮ್ಮ ಕೆಲಸ. ಗುಂಡಿ ಎಂದರೆ ನೆಲದೊಳಗೆ ಕಟ್ಟಿದ, ಕೆಳಗೆ ಕಿರಿದಾಗುತ್ತ ಹೋಗುವ ದೊಡ್ಡ ತೊಟ್ಟಿ. ಅದರ ತಳದ ಬಾಯಿಯಿಂದ ಭತ್ತ ಬೆಲ್ಟಿನ ಮೇಲೆ ಬಿದ್ದು ಮಿಲ್ಲಿನೊಳಗೆ ಹೋಗುತ್ತದೆ.

ನನ್ನ ದನಿ ಆಗ ಬಹಳ ಸಣ್ಣದು. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ನಾನು ಹೇಳಿದ್ದು ಕೇಳಿಸದೆ ಎಷ್ಟೋ ಸಲ ಗೈರು ಬಿದ್ದಿದೆ. ಮಿಲ್ಲಿನ ಸದ್ದಿನಲ್ಲಿ ಮಾತ್ರ ಎಲ್ಲರ ದನಿಯೂ ಒಂದೇ. ಅಲ್ಲಿ ಕೈಯಲ್ಲೇ ಮಾತು. ಬೆರಳು ಗಾಳಿಯಲ್ಲಿ ಸುತ್ತಿದರೆ ಬೆಲ್ಟು ಓಡಲಿ ಎಂದು, ಮುಷ್ಟಿ ಎತ್ತಿ ಹಿಡಿದರೆ ನಿಲ್ಲಿಸು ಎಂದು. ಕಲಿಸಿದವರು ನಮ್ಮ ಓಣಿಯ ಕಾಕಾ. ಅಲ್ಲಿ ಹಮಾಲಿ ಮಾಡುತ್ತಿದ್ದರು.

"ಇಷ್ಟು ವರ್ಷ ಸಾಲಿ ಕಲ್ತು ಇಲ್ಲಿ ಬಂದು ಮೂಗಿ ಆದಿ ನೋಡವ್ವಾ," ಎಂದು ನಗುತ್ತಿದ್ದರು. "ಚಿಂತಿ ಮಾಡಬ್ಯಾಡ. ನಾವೆಲ್ಲಾ ಮೂಗರ ಅದೀವಿ."

ಅಕಾಲದ ಮಳೆಗೆ ನೆನೆದ ಭತ್ತ ಬಂದಾಗ ಗುಂಡಿಯ ಬಾಯಿ ಕಟ್ಟುತ್ತದೆ. ಆಗ ಯಾರಾದರೂ ಇಳಿದು ಕಾಲಲ್ಲಿ ತುಳಿದು ಬಿಡಿಸಬೇಕು, ಅದಕ್ಕೆ ಮೊದಲು ಬೆಲ್ಟು ನಿಲ್ಲಬೇಕು. ಆ ಮಧ್ಯಾಹ್ನ ಬಾಯಿ ಕಟ್ಟಿತು. ಕಾಕಾ ಇಳಿದರು. ಮೊಣಕಾಲು ಮಟ್ಟ ಭತ್ತದಲ್ಲಿ ನಿಂತು ಮುಷ್ಟಿ ಎತ್ತಿದರು. ಸ್ವಿಚ್ಚಿನ ಹತ್ತಿರ ಮೇಸ್ತ್ರಿ ನಿಂತಿದ್ದ. ಅವನು ಕಾಕಾನನ್ನು ನೋಡಿದ. ಗೇಟಿನಾಚೆ ಸಾಲುಗಟ್ಟಿದ ಟ್ರ್ಯಾಕ್ಟರುಗಳನ್ನು ನೋಡಿದ. ಸ್ವಿಚ್ಚು ಮುಟ್ಟದೆ ಬೆರಳು ಸುತ್ತಿದ. ಕಾಕಾ ಮುಷ್ಟಿ ಇಳಿಸಲಿಲ್ಲ, ಹಾಗೇ ಹಿಡಿದುಕೊಂಡು ಒಂದು ಕಾಲಲ್ಲಿ ತುಳಿದರು. ಗಂಟು ಒಮ್ಮೆಲೇ ಬಿಟ್ಟಿತು. ಸುತ್ತಲಿನ ಭತ್ತವೆಲ್ಲ ಜಾರಿ ಅವರ ಮೇಲೆ ಬಂತು.

ಬೆಲ್ಟು ನಿಲ್ಲಿಸಿ ಬುಟ್ಟಿ, ಸಲಿಕೆ, ಕೈಗಳಿಂದ ತೋಡಿದೆವು. ತೋಡಿದಷ್ಟೂ ಭತ್ತ ಮರಳಿ ಜಾರುತ್ತಿತ್ತು. ಮೊದಲು ಸಿಕ್ಕಿದ್ದು ಕೈ. ಅದು ಮುಷ್ಟಿಯಾಗಿರಲಿಲ್ಲ, ಬಿಚ್ಚಿತ್ತು.

ಸಂಜೆಯೊಳಗೆ ಮಾತು ಹುಟ್ಟಿತ್ತು: ಕುಡಿದಿದ್ದ, ತಾನೇ ಹೋಗಿ ಬಿದ್ದ. ಹೆಣಕ್ಕಾಗಿ ಆಸ್ಪತ್ರೆಯ ಅಂಗಳದಲ್ಲಿ ಕಾದು ಕುಳಿತಿದ್ದ ಅವರ ಹೆಂಡತಿ ಕಾಕಿಗೂ ಅದು ಮುಟ್ಟಿತು. "ಬಾಯಾಗ ಎಲಿ ಅಡಕಿ ಸೈತ ಹಾಕತಿದ್ದಿಲ್ಲ ಅಂವಾ," ಎಂದಳು.

ಮರುದಿನ ಪೊಲೀಸರು ವಿಚಾರಣೆಗೆ ಬರುವವರಿದ್ದರು. ದಾರಿಯಲ್ಲಿ ಅವ್ವ ಹೇಳಿದಳು: "ನೀ ಕಸಾ ಹೊಡಿಯಾಕತ್ತಿದ್ದಿ, ನೋಡಿಲ್ಲ ಅನ್ನು. ನಾಳೆ ನಮ್ಮನ್ನ ಒಳಗ ಬಿಡಬೇಕಲ್ಲ ಬೇ."

ಗುಂಡಿಯ ಹತ್ತಿರ ಎಲ್ಲರನ್ನೂ ನಿಲ್ಲಿಸಿದ್ದರು. ಕಾಕಿಯೂ ಬಂದಿದ್ದಳು. ಮೇಸ್ತ್ರಿ ಹೇಳುತ್ತಿದ್ದ, "ಕುಡದಿದ್ದ ಸಾಹೇಬ್ರ. ಸುಮ್ನ ಕೈ ಎತ್ತಿ ಕುಣಿಯಾಕತ್ತಿದ್ದ."

"ಕುಣಿದಿಲ್ಲರಿ," ಎಂದೆ.

ಪೊಲೀಸ್ ಅಧಿಕಾರಿ ತಿರುಗಿದರು. "ಯಾರದು? ಜೋರಾಗಿ ಹೇಳು."

ಕೈ ಎತ್ತಿದೆ. ಮುಷ್ಟಿ ಹಿಡಿದೆ. "ಹಿಂಗ ಹಿಡಿದ್ರ ಬೆಲ್ಟ್ ನಿಲ್ಸು ಅಂತರಿ. ಹಿಂಗ ಸುತ್ತಿದ್ರ ಓಡ್ಲಿ ಅಂತ. ಕಾಕಾ ಮುಷ್ಟಿ ಹಿಡಿದ್ರು. ಮೇಸ್ತ್ರಿ ಬೆರಳು ಸುತ್ತಿದ್ರು. ಕಾಕಾ ನಮ್ ಜೋಡಿನ ಕುಂತು ಉಂಡಿದ್ರು, ಕುಡಿದಿದ್ದಿಲ್ಲ."

"ಕಸಾ ಹೊಡಿಯಾಕಿ, ಅಕಿಗೇನ್ ತಿಳಿತೈತ್ರಿ," ಎಂದ ಮೇಸ್ತ್ರಿ.

ಅಧಿಕಾರಿ ಹಮಾಲರ ಕಡೆ ನೋಡಿದರು. ಎಲ್ಲರೂ ನೆಲ ನೋಡುತ್ತಿದ್ದರು. ಒಬ್ಬ ಮಾತ್ರ, ಬಾಯಿ ಬಿಡದೆ, ಎದೆಯ ಮಟ್ಟಕ್ಕೆ ಮುಷ್ಟಿ ಎತ್ತಿ ಇಳಿಸಿದ.

ಮರುದಿನ ಗೇಟಿನಲ್ಲಿ ನಮ್ಮನ್ನು ಬಿಡಲಿಲ್ಲ. ಅವ್ವ ಬೈಯಲಿಲ್ಲ. ಬುತ್ತಿಯ ಗಂಟು ಬಗಲಿಗೇರಿಸಿಕೊಂಡು ಮುಂದಿನ ಮಿಲ್ಲಿನ ಕಡೆ ನಡೆದಳು, ನಾನು ಹಿಂದೆ. ಕೇಸು ಇನ್ನೂ ನಡೆದಿದೆ. ಡಿಗ್ರಿ ಕಾಲೇಜು ಸೇರಿದ ಮೇಲೆ ಹಾಜರಿಯಲ್ಲಿ ನನಗೆ ಗೈರು ಬಿದ್ದಿಲ್ಲ. ನನಗೆ ಧೈರ್ಯ ಬಂತು ಎಂದು ಓಣಿಯವರು ಹೇಳುತ್ತಾರೆ. ಬಂದಿರಬಹುದು.

ಕಾಕಿ ಈಗಲೂ ಆಗಾಗ ಹೊಸ್ತಿಲಿಗೆ ಕರೆಯುತ್ತಾಳೆ. "ಹೆಂಗ ಹಿಡಿದಿದ್ದ, ತೋರ್ಸವ್ವಾ." ನಾನು ಮುಷ್ಟಿ ಎತ್ತುತ್ತೇನೆ. ಅವಳು ಸಾಕು ಎನ್ನುವವರೆಗೆ ಇಳಿಸುವುದಿಲ್ಲ.