ಗುಡ್ಡನ ಉಪನಾಮ

ಸುಗುಣ ನನ್ನ ಪಕ್ಕದ ಕುರ್ಚಿಯವಳು. ಗಂಗೊಳ್ಳಿಯ ಮೊಗವೀರರ ಹುಡುಗಿ, ಕುಂದಾಪುರದಲ್ಲಿ ಕಂಪ್ಯೂಟರ್ ಕಲಿತವಳು. 2008ರಲ್ಲಿ ನಮ್ಮ ಮೀನು ಕಾರ್ಖಾನೆಗೆ ಡೈರೆಕ್ಟರಿ ಸರ್ವರ್ ಬಂದಾಗ ಅದರ ಜೊತೆ ಏಗುವ ಕರ್ಮ ಅವಳದೇ ಆಯಿತು. ಕೆಲಸಗಾರರ ಹೆಸರು ಅದರೊಳಗೆ ಇದ್ದರೆ ಮಾತ್ರ, ಕಾರ್ಡು ತೋರಿಸಿದಾಗ ಗೇಟು ತೆರೆಯುತ್ತದೆ.

ಅದಕ್ಕೋ ಇಲ್ಲದ ಗತ್ತು. ಉಪನಾಮದ ಜಾಗ ಖಾಲಿ ಇದ್ದರೆ 'ಇನ್‌ವ್ಯಾಲಿಡ್ ಆಟ್ರಿಬ್ಯೂಟ್' ಎಂದು ಕೆಂಪಗೆ ತೋರಿಸಿ ಕೂತುಬಿಡುತ್ತಿತ್ತು. ಕೂತದ್ದೂ ಎಲ್ಲಿ? ಸುಗುಣಳ ಅಪ್ಪ ಗುಡ್ಡಣ್ಣನ ಹೆಸರಿನಲ್ಲಿ. ನಮ್ಮಲ್ಲೇ ಐಸ್ ಒಡೆಯುತ್ತ ಮುದುಕರಾದವರು. ಹೆಸರು ಗುಡ್ಡ, ಅಷ್ಟೇ. ಇನ್ನೊಂದು ಹೆಸರನ್ನು ಯಾರೂ ಕೇಳಿರಲಿಲ್ಲ.

"ಉಪನಾಮ ಕಡ್ಡಾಯ ಅನ್ನೋ ನಿಯಮ ತೆಗೀರಿ ಸಾರ್" ಎಂದು ಮುಂಬೈ ಕಚೇರಿಯಿಂದ ಬಂದಿದ್ದ ಅಶೋಕರಿಗೆ ಹೇಳಿ ಹೇಳಿ ಅವಳ ಬಾಯಿ ಒಣಗಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಸೋಮವಾರದಿಂದ ಡೈರೆಕ್ಟರಿಯಲ್ಲಿ ಇಲ್ಲದವರಿಗೆ ಕೆಲಸವೂ ಇಲ್ಲ ಎಂದುಬಿಟ್ಟರು.

ಸೋಮವಾರ ಬಂದು ನೋಡಿದರೆ ಕೆಂಪಕ್ಷರ ಮಾಯ. ಭಾನುವಾರ ಅಶೋಕರು ಒಬ್ಬರೇ ಕೂತು ಪ್ರೋಗ್ರಾಮಿಗೆ ನಾಲ್ಕು ಸಾಲು ಸೇರಿಸಿದ್ದರು: ಉಪನಾಮ ಇಲ್ಲವೆಂಬ ದೋಷ ಬಂದರೆ, ಇಲ್ಲೇ ಕೆಲಸಕ್ಕಿರುವ ಮಕ್ಕಳ ಉಪನಾಮವನ್ನು ತಂದೆಗೂ ಹಾಕಿ ಮುಂದೆ ಹೋಗು.

"ದೋಷ ನಿಭಾಯಿಸೋದು ಅಂದ್ರೆ ಹೀಗೆ" ಎಂದು ಬೀಗಿದರು. ನನಗೆ ಮೈ ಉರಿಯಿತು. ಸುಗುಣ ಆಗಲೇ ಗೇಟಿಗೆ ಓಡಿದ್ದಳು. ನಾನೂ ಹಿಂದೆಯೇ ಹೋದೆ.

ಗುಡ್ಡಣ್ಣನ ಕೈಯಲ್ಲಿದ್ದ ಹೊಸ ಕಾರ್ಡಿನಲ್ಲಿ 'ಗುಡ್ಡ ಬಂಗೇರ' ಎಂದಿತ್ತು. ಬಂಗೇರ ಎಂಬುದು ಸುಗುಣಳಿಗೆ ಶಾಲೆಯಲ್ಲಿ ಬರೆಸಿದ ಬಳಿಯ, ಎಂದರೆ ಕುಲದ, ಹೆಸರು. ಮೊಗವೀರರಲ್ಲಿ ಬಳಿ ಬರುವುದು ತಾಯಿಯಿಂದ. ಒಂದೇ ಬಳಿಯವರು ಒಡಹುಟ್ಟಿದವರ ಲೆಕ್ಕ, ಮದುವೆಯಾಗುವಂತಿಲ್ಲ.

"ಅಪ್ಪಯ್ಯ, ಇವತ್ತೊಂದ್ ದಿನ ಒಳ್ಗ್ ಹೋಗ್. ನಾಳೆ ನಿನ್ ಬಳಿನೇ ಹಾಕ್ತೆ" ಎಂದಳು ಸುಗುಣ. ಕಣ್ಣು ತುಂಬಿತ್ತು.

"ಬಳಿ ಕೇಂಬುದ್ ಮದಿ ಮಾತಿಗ್. ಐಸ್ ಒಡುಕೆ ಎಂತಕೆ?" ಗುಡ್ಡಣ್ಣ ಕಾರ್ಡನ್ನು ಅವಳ ಕೈಗಿಟ್ಟರು. "ಈ ಕಾರ್ಡ್ ಹಿಡ್ಕಂಡ್ ಒಳ್ಗ್ ಹೋರೆ ನಿನ್ ಅಬ್ಬಿ, ನನ್ ಹೆಂಡ್ತಿ, ನಂಗೆ ತಂಗಿ ಆತ್ಲ್, ಮಗಳೆ."

ಹಾಗೆಂದು ಮನೆಯ ದಾರಿ ಹಿಡಿದರು. ಸುಗುಣ ಒಳಗೆ ಬಂದವಳೇ ಆ ನಾಲ್ಕು ಸಾಲುಗಳನ್ನು ಅಳಿಸಿ ಹಾಕಿದಳು.

"ಮತ್ತೆ ದೋಷ ಬರುತ್ತಲ್ರೀ" ಎಂದರು ಅಶೋಕ್.

"ಬರ್ಲಿ ಸಾರ್. ನಿಮ್ಗೂ ಕಾಣ್ಲಿ."

ಬಂತು. ದಿನಾ ಬಂತು. ಅಶೋಕರು ನಿಯಮವನ್ನು ಮಾತ್ರ ಬದಲಿಸಲಿಲ್ಲ. ಆ ವಾರವೇ ಐಸ್ ವಿಭಾಗದಲ್ಲಿ ಗುಡ್ಡಣ್ಣನ ಜಾಗಕ್ಕೆ ಹೊಸಬನೊಬ್ಬನನ್ನು ತೆಗೆದುಕೊಂಡರು. ಅವನಿಗೆ ಐಸ್ ಒಡೆದು ಗೊತ್ತಿರಲಿಲ್ಲ. ಉಪನಾಮ ಇತ್ತು, ಗೇಟು ತೆರೆಯಿತು.