ತೋಳಿನ ಹಚ್ಚೆಯನ್ನು ಮೊದಲು ಕಂಡವರು

ಆ ಹಚ್ಚೆಯನ್ನು ಮೊದಲು ನೋಡಿದ್ದು ನಾನೇ ಎಂದು ಬಹಳ ಕಾಲ ಹೇಳಿಕೊಂಡು ಬಂದೆ. ಈಗ ಆ ಧೈರ್ಯವಿಲ್ಲ. ೨೦೧೮ ಇರಬೇಕು, ೨೦೧೯ ಆದರೂ ಆಗಿರಬಹುದು. ಅಫಜಲಪುರದ ಆಸ್ಪತ್ರೆಯೊಂದರಲ್ಲಿ ನಾನು ಹಿರಿಯ ಫಿಜಿಶಿಯನ್ ಆಗಿದ್ದೆ.

ಅತನೂರಿನ ಶಾಂತಾಬಾಯಿ ಗಾಣಗಾಪುರದ ಲಾಡ್ಜುಗಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಿದ್ದವರು. ತಲೆನೋವು, ಸೊಟ್ಟಗಾದ ಬಾಯಿ, ಮಂಜಾಗುತ್ತಿದ್ದ ಕಣ್ಣು. ಕಲಬುರಗಿಯಲ್ಲಿ ಮಾಡಿಸಿದ ಎಂಆರ್‌ಐಯಲ್ಲಿ ಮೆದುಳಿನ ತಳದ ಪೊರೆ ದಪ್ಪಗಾಗಿತ್ತು. ನಮ್ಮ ಕಡೆ ಇಂಥದ್ದು ಕಂಡರೆ ಮೊದಲು ಟಿಬಿ ಎನ್ನುತ್ತೇವೆ. ನಾನೂ ಎಂದೆ. ಟಿಬಿ ಮಾತ್ರೆಯ ಜೊತೆ, ಊತ ಇಳಿಯಲೆಂದು ವಾಡಿಕೆಯಂತೆ ಕೆಲವು ವಾರ ಸ್ಟೆರಾಯ್ಡ್ ಕೊಟ್ಟೆ. ಬಾಯಿ ನೆಟ್ಟಗಾಯಿತು. ವಾರ್ಡಿನಲ್ಲಿ ಸ್ವಲ್ಪ ಎದೆಯುಬ್ಬಿಸಿಯೇ ಓಡಾಡಿದೆ. ಸ್ಟೆರಾಯ್ಡ್ ನಿಲ್ಲಿಸಿದ ಮೇಲೆ ಅವರು ಮತ್ತೆ ಬಂದರು. ಈ ಸಲ ಬಲಗಣ್ಣಿಗೆ ನನ್ನ ಬೆರಳು ಎಣಿಸಲೂ ಆಗುತ್ತಿರಲಿಲ್ಲ.

ಔಷಧಿಗೆ ಬಗ್ಗದ ಟಿಬಿ ಇರಬೇಕೆಂದು ನಾನು ಮಾತ್ರೆ ಬದಲಿಸಲು ಹೊರಟೆ. ಆಳಂದದ ಡಾ. ನಸ್ರೀನ್ ಆಗಷ್ಟೇ ನಮ್ಮಲ್ಲಿ ಸೇರಿದ್ದರು. ಕುಪ್ಪಸದ ತೋಳು ಸರಿಸಿ ಬಿಪಿ ಪಟ್ಟಿ ಕಟ್ಟುವಾಗ ಅವರು ಕೇಳಿದ್ದು ಪಕ್ಕದ ಮಂಚದ ಬಳಿ ನಿಂತಿದ್ದ ನನಗೂ ಕೇಳಿಸಿತು.

“ಅವ್ವಾ, ಈ ಹಚ್ಚಿ ಯಾಕ ಹಿಂಗ ಉಬ್ಬ್ಯಾದ?”

“ಸಣ್ಣಾಕಿ ಇದ್ದಾಗ ಹಾಕ್ಸಿದ್ದವ್ವಾ. ಹೋದ ವರ್ಷದಿಂದ ಉಬ್ಬಾಕತ್ತದ. ಸಾಹೇಬ್ರು ದಿನಾ ಕಣ್ಣಾಗ ಬ್ಯಾಟ್ರಿ ಬಿಡ್ತಾರ, ತೋಳು ಯಾರ್ ನೋಡ್ತಾರ?”

ನಸ್ರೀನ್ ನನ್ನ ಕಡೆ ತಿರುಗಿದರು. “ಸರ್, ಸಾರ್ಕಾಯ್ಡೋಸಿಸ್ ಇರಬಹುದೇನ್ರಿ? ಇಲ್ಲಿಂದ ಒಂದ್ ಚೂರು ತಗದು ಬಯಾಪ್ಸಿಗೆ ಕಳಸೂನ್ರಿ.”

ದೇಹದ ರಕ್ಷಣಾ ಕೋಶಗಳೇ ಗಂಟುಗಟ್ಟಿ ಕೂರುವ ಕಾಯಿಲೆ ಅದು. ಶ್ವಾಸಕೋಶದಲ್ಲಿ ಹೆಚ್ಚು, ಮೆದುಳಿನಲ್ಲಿ ಅಪರೂಪ. ಹಳೆಯ ಗಾಯ, ಹಚ್ಚೆಗಳಲ್ಲೂ ತಲೆಯೆತ್ತುತ್ತದೆ. ಇದನ್ನೆಲ್ಲ ನಾನೂ ಓದಿದ್ದೆ. “ಕಳಸ್ರಿ” ಎಂದೆ. ಒಂದು ಕಣ್ಣು ಹೋಗುತ್ತಿದ್ದ ಹೊತ್ತಿನಲ್ಲೂ, ಈಕೆಯ ಊಹೆ ಸುಳ್ಳಾಗಲಿ ಎಂದು ಒಳಗೊಳಗೇ ಬಯಸಿದೆ.

ಸುಳ್ಳಾಗಲಿಲ್ಲ. ಚೂರಿನಲ್ಲಿ ಅದೇ ಗಂಟುಗಳಿದ್ದವು, ಟಿಬಿ ರೋಗಾಣು ಇರಲಿಲ್ಲ. ಕಲಬುರಗಿಯ ನರರೋಗ ತಜ್ಞರನ್ನು ಕೇಳಿ ಸ್ಟೆರಾಯ್ಡ್ ಮತ್ತೆ ಶುರುಮಾಡಿದೆವು; ಮೊದಲ ಸಲ ಬಾಯಿ ನೆಟ್ಟಗಾಗಿಸಿದ್ದೂ ಟಿಬಿ ಮಾತ್ರೆಯಲ್ಲ, ಅದೇ. ರೋಗಾಣು ಬೆಳೆಸಿ ನೋಡುವ ಕಲ್ಚರ್ ವರದಿಯಲ್ಲೂ ಟಿಬಿ ಕಾಣದ ಮೇಲೆ ಟಿಬಿ ಮಾತ್ರೆ ನಿಲ್ಲಿಸಿ, ರಕ್ಷಣಾ ಕೋಶಗಳನ್ನು ಹತ್ತಿಕ್ಕುವ ಮೆಥೋಟ್ರೆಕ್ಸೇಟ್ ಸೇರಿಸಿದೆವು. ಬಲಗಣ್ಣು ಪೂರ್ತಿ ಮರಳಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕಾಣುವಷ್ಟು ಮರಳಿತು.

ಜೇವರ್ಗಿಯ ವೈದ್ಯರ ಸಭೆಯಲ್ಲಿ ನಸ್ರೀನ್ ಈ ಕೇಸ್ ಮಂಡಿಸಿದರು. ಚಪ್ಪಾಳೆ ಬಿದ್ದಾಗ ನನ್ನ ಕೈ ಕಿಸೆಯಲ್ಲಿತ್ತು. ಊಟದ ಹೊತ್ತಿಗೆ ಒಬ್ಬರಿಗೆ ಹೇಳಿದೆ: “ಹಚ್ಚಿ ಆಕಿಗಿ ತೋರಿಸ್ದಾಂವ ನಾನೇರಿ.” ಹತ್ತು ಸಲ ಹೇಳಿದ ಮೇಲೆ ಅದು ನೆನಪಾಗಿಯೇ ಕೂತಿತು: ಆ ತೋಳು, ಅದರ ಮೇಲೆ ನನ್ನ ಬೆರಳು.

ಪರೀಕ್ಷಿಸದೆ ಏನನ್ನೂ ನಂಬಬೇಡಿ ಎಂದು ಕಿರಿಯರಿಗೆ ಹೇಳುತ್ತಿದ್ದವನು ನನ್ನ ನೆನಪನ್ನು ಮಾತ್ರ ಪರೀಕ್ಷೆಗೆ ಒಡ್ಡಿರಲಿಲ್ಲ. ಕಳೆದ ವರ್ಷ ಶಾಂತಾಬಾಯಿ ತಪಾಸಣೆಗೆ ಬಂದಾಗ ಅವರ ಹಳೆಯ ಫೈಲ್ ತರಿಸಿ ಮೊದಲ ದಿನದ ಪುಟ ತೆಗೆದೆ. ಚರ್ಮ ಎಂಬುದರ ಮುಂದೆ ‘ನಾರ್ಮಲ್’ ಎಂದಿತ್ತು. ಅಕ್ಷರ ನನ್ನದು. ಕೆಳಗಿನ ಸಹಿಯೂ ನನ್ನದೇ.